ಉಪಗ್ರಹಗಳ ವರ್ತಮಾನವೂ ಗ್ರಾಮ ಮುಖಂಡರ ಕರ್ತವ್ಯವೂ

ಯಾದಗಿರಿ, ಶಹಾಪುರ ಮತ್ತು ಸುರಪುರ ಸೀಮೆಗಳಿಗೆ ನೆರೆಯು ಬರುವ ಬಗೆಯೇ ಬೇರೆ. ಅನ್ಯ ಪ್ರಾಂತಗಳಲ್ಲಿ ಮೊದಲು ಮೋಡ ಕವಿಯುವುದು, ಬಳಿಕ ಮಳೆ ಹೊಯ್ಯುವುದು, ಹಳ್ಳಕೊಳ್ಳಗಳು ತುಂಬಿ ಕಡೆಗೆ ಹೊಳೆಗೆ ಪೂರ ಬರುವುದು. ಇಲ್ಲಿಯಾದರೋ ನೆತ್ತಿಯ ಮೇಲೆ ಬಿಸಿಲು ಕಾಯುತ್ತಿರುವಾಗಲೇ, ಎರೆ ಹೊಲದ ಹತ್ತಿಯು ಒಂದು ಹದ ಮಳೆಗಾಗಿ ಕಾದಿರುವಾಗಲೇ, ಕೃಷ್ಣೆಯ ನೀರು ದಡ ಮೀರಿ ಗದ್ದೆಗಳಿಗೆ ನುಗ್ಗುವುದುಂಟು. ಕೃಷ್ಣೆಯು ಹುಟ್ಟುವುದು ಮಹಾಬಲೇಶ್ವರದಲ್ಲಿ. ಭೀಮೆಯು ಹುಟ್ಟುವುದು ಭೀಮಾಶಂಕರದಲ್ಲಿ. ಆ ಘಟ್ಟಗಳಲ್ಲಿ ಬಿದ್ದ ಮಳೆಯೇ ಕೆಲವು ದಿನಗಳ ತರುವಾಯ ಈ ಬಯಲು ನಾಡಿನಲ್ಲಿ ಮಹಾಪೂರವಾಗಿ ಹರಿಯುವುದು. ಆದುದರಿಂದ ತನ್ನ ಊರಿನ ಆಕಾಶವನ್ನು ಎಷ್ಟು ಚೆನ್ನಾಗಿ ಬಲ್ಲವನಾದರೂ ಇಲ್ಲಿಯ ಒಕ್ಕಲಿಗನು ಹೊಳೆಯ ನಾಳಿನ ನಡೆಯನ್ನು ಅದರಿಂದ ತಿಳಿಯಲಾರನು.

ಇತ್ತೀಚಿನ ವರ್ಷಗಳ ಅನುಭವವೇ ಇದಕ್ಕೆ ಸಾಕ್ಷಿ. ೨೦೧೯ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ಆಶ್ಲೇಷ ಮಳೆಯ ಕಾಲದಲ್ಲಿ, ಘಟ್ಟಗಳಲ್ಲಾದ ಅತಿವೃಷ್ಟಿಯ ದೆಸೆಯಿಂದ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಆರು ಲಕ್ಷ ಕ್ಯೂಸೆಕ್ಸಿಗಿಂತಲೂ ಹೆಚ್ಚು ನೀರನ್ನು ಹೊಳೆಗೆ ಬಿಡಬೇಕಾಯಿತು. ಮರುವರ್ಷ ೨೦೨೦ರ ಅಕ್ಟೋಬರ ನಡುವಿನಲ್ಲಿ, ರೈತರು ಹಿಂಗಾರಿ ಜೋಳದ ಬಿತ್ತಿಗೆಗೆ ನೆಚ್ಚುವ ಚಿತ್ತಿ ಮಳೆಯ ಕಾಲದಲ್ಲಿಯೇ, ಭೀಮೆಯು ಉಕ್ಕಿ ದಂಡೆಯ ಗ್ರಾಮಗಳನ್ನು ಹೊಕ್ಕಿತು. ೨೦೨೫ರ ಸೆಪ್ಟೆಂಬರ ಕೊನೆಯಲ್ಲಿ ಅದೇ ಭೀಮೆಯು ಮತ್ತೆ ದಡ ಮೀರಿತು. ಇವುಗಳ ನಡುವೆ ೨೦೨೩ರಲ್ಲಿ ಮಳೆಯೇ ಕೈಕೊಟ್ಟು, ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ನೆರೆಯೂ ಬರವೂ ಒಂದರ ಬೆನ್ನಿಗೊಂದು ಬರುವ ಈ ನಾಡಿನಲ್ಲಿ ಮುಂದಾಗಿ ತಿಳಿಯುವುದೆಂಬುದು ಹೊಲಮನೆಗಳ ಅಳಿವು ಉಳಿವಿನ ಪ್ರಶ್ನೆಯಾಗಿರುವುದು.

ಹೀಗೆ ಮುಂದಾಗಿ ತಿಳಿಯುವ ಸಾಧನಗಳು ಈಗ ಸಾಕಷ್ಟಿವೆ. ಭೂಮಿಯ ಸುತ್ತ ತಿರುಗುವ ಉಪಗ್ರಹಗಳು ಮೋಡವನ್ನೂ ಹೊಳೆಯನ್ನೂ ಬೆಳೆಯನ್ನೂ ಹಗಲಿರುಳು ನೋಡುತ್ತಿರುವುವು. ಹಾಗಿದ್ದರೂ ಪ್ರತಿಯೊಂದು ಪೂರದಲ್ಲಿಯೂ ದಂಡೆಯ ಪಂಪುಸೆಟ್ಟುಗಳು ಕೊಚ್ಚಿಹೋಗುವುವು, ಬಣವಿಗಳು ತೇಲಿಹೋಗುವುವು, ಹೊಳೆಯ ನಡುವಣ ಗಡ್ಡೆಗಳಲ್ಲಿ ಕುರಿಗಾರರು ಸಿಕ್ಕಿಬೀಳುವರು. ವರ್ತಮಾನದ ಅಭಾವವು ಇದಕ್ಕೆ ಕಾರಣವೆಂದು ಹೇಳಲು ಈಗ ಎಡೆಯಿಲ್ಲ. ವರ್ತಮಾನವು ಆಕಾಶದಿಂದ ಜಿಲ್ಲೆಯ ಕಚೇರಿಯವರೆಗೆ ನಿಮಿಷಗಳಲ್ಲಿ ಬರುವುದು; ಅಲ್ಲಿಂದ ಹೊಳೆದಂಡೆಯ ಗುಡಿಸಲಿಗೆ ಹೋಗುವಷ್ಟರಲ್ಲಿ ಅದರ ಅರ್ಥವೂ ಹೊತ್ತೂ ಕಳೆದುಹೋಗುವುವು. ಈ ಕಡೆಯ ಹರದಾರಿಯನ್ನು ಯಾವ ಉಪಗ್ರಹವೂ ದಾಟಲಾರದು. ಅದನ್ನು ದಾಟಿಸತಕ್ಕವರು ಊರಿನ ಮುಖಂಡರೂ ಜಮೀನುದಾರರೂ ಆಗಿರುವರು.

ಮೊದಲು ಈ ಉಪಗ್ರಹಗಳು ಏನನ್ನು ಮಾಡಬಲ್ಲವೆಂಬುದನ್ನು ತಿಳಿಯುವುದು ಲೇಸು. ಅವುಗಳಲ್ಲಿ ಒಂದು ಬಗೆಯವು ಭೂಮಧ್ಯರೇಖೆಯ ಮೇಲೆ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ ಭೂಮಿಯೊಡನೆಯೇ ತಿರುಗುತ್ತ, ಒಂದೇ ಕಡೆಗೆ ದೃಷ್ಟಿಯಿಟ್ಟು ನಿಂತಂತೆ ಇರುವುವು. ೨೦೧೬ರಲ್ಲಿ ಹಾರಿಸಿದ ಇನ್ಸಾಟ್-೩ಡಿಆರ್, ೨೦೨೪ರಲ್ಲಿ ಹಾರಿಸಿದ ಇನ್ಸಾಟ್-೩ಡಿಎಸ್ ಎಂಬವು ಈ ಜಾತಿಯವು. ಅವು ಪ್ರತಿ ಅರ್ಧ ತಾಸಿಗೊಮ್ಮೆ ಮೋಡಗಳ ಚಿತ್ರವನ್ನು ಕಳುಹಿಸುವುವು. ಘಟ್ಟದ ಮೇಲೆ ಮೋಡವು ದಟ್ಟವಾಗುವುದನ್ನೂ ಸಮುದ್ರದಲ್ಲಿ ವಾಯುಭಾರ ಕುಸಿತವು ಏಳುವುದನ್ನೂ ಇವುಗಳಿಂದಲೇ ಕಾಣುವರು. ಇನ್ನೊಂದು ಬಗೆಯವು ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತ, ಕೆಲವು ದಿನಗಳಿಗೊಮ್ಮೆ ಒಂದೇ ಸ್ಥಳದ ಮೇಲೆ ಹಾದು ನೆಲದ ಚಿತ್ರವನ್ನು ತೆಗೆಯುವುವು. ಭಾರತವು ಇಂಥ ತನ್ನ ಮೊದಲನೆಯ ದೂರಸಂವೇದಿ ಉಪಗ್ರಹವನ್ನು ೧೯೮೮ರಲ್ಲಿ ಹಾರಿಸಿತು.

ಈ ಚಿತ್ರಗಳ ಸೂಕ್ಷ್ಮತೆಯನ್ನು ಒಕ್ಕಲಿಗರ ಅಳತೆಯಲ್ಲಿಯೇ ಹೇಳಬಹುದು. ಯುರೋಪಿನವರ ಸೆಂಟಿನೆಲ್-೨ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆಯು ನೆಲದ ಮೇಲೆ ಹತ್ತು ಮೀಟರ್ ಚೌಕವಾಗಿರುವುದು. ಎಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಭಾರತದ ರಿಸೋರ್ಸ್‌ಸ್ಯಾಟ್ ಉಪಗ್ರಹದ ಒಂದು ಯಂತ್ರದ ಚುಕ್ಕೆಯು ಸುಮಾರು ಐದೂವರೆ ಗುಂಟೆ, ವಿಶಾಲವಾದ ಸೀಮೆಯನ್ನು ಒಮ್ಮೆಗೇ ನೋಡುವ ಇನ್ನೊಂದು ಯಂತ್ರದ ಚುಕ್ಕೆಯು ಸುಮಾರು ಮೂವತ್ತೊಂದು ಗುಂಟೆ. ಹೀಗಿರುವಲ್ಲಿ ನಾಲ್ಕೆಕರೆ ಹೊಲದ ಸ್ಥಿತಿಯು ದೂರದಿಂದ ತಕ್ಕಮಟ್ಟಿಗೆ ಕಾಣುವುದೆಂಬುದರಲ್ಲಿ ಸಂದೇಹವಿಲ್ಲ. ಬದುವಿನಂಚಿನ ಎರಡು ಸಾಲುಗಳ ಗತಿಯೇನೆಂಬುದು ಕಾಣದೆಂಬುದೂ ಅಷ್ಟೇ ನಿಜ.

ಮಳೆಗಾಲದಲ್ಲಿ ಮೋಡವೇ ಅಡ್ಡವಾಗುವುದರಿಂದ ಸಾಧಾರಣ ಚಿತ್ರವು ಪ್ರಯೋಜನಕ್ಕೆ ಬಾರದು. ಅದಕ್ಕೋಸ್ಕರ ರಡಾರ್ ಉಪಗ್ರಹಗಳಿವೆ. ೨೦೧೨ರ ರಿಸ್ಯಾಟ್-೧, ೨೦೨೨ರ ಇಒಎಸ್-೦೪, ಭಾರತವೂ ಅಮೆರಿಕವೂ ಕೂಡಿ ೨೦೨೫ರ ಜುಲೈ ೩೦ರಂದು ಹಾರಿಸಿದ ನೈಸಾರ್ ಇವೆಲ್ಲ ಆ ಜಾತಿಯವು. ಇವು ತಾವೇ ಅಲೆಗಳನ್ನು ನೆಲಕ್ಕೆ ಕಳುಹಿಸಿ, ಅವು ಮರಳಿ ಬರುವ ರೀತಿಯಿಂದ ನೆಲದ ಗುಣವನ್ನು ಅರಿಯುವುವು. ಮೋಡವಾಗಲಿ ಇರುಳಾಗಲಿ ಇವಕ್ಕೆ ಅಡ್ಡಿಯಲ್ಲ. ನಿಂತ ನೀರಿನ ಮೈ ನುಣುಪಾಗಿರುವುದರಿಂದ ಅಲೆಗಳು ಬೇರೆ ಕಡೆಗೆ ಜಾರಿಹೋಗಿ, ಆ ಸ್ಥಳವು ಚಿತ್ರದಲ್ಲಿ ಕಪ್ಪಾಗಿ ತೋರುವುದು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದವರು ಇಂಥ ಚಿತ್ರಗಳಿಂದ ಯಾವ ಯಾವ ಕಡೆ ನೀರು ನಿಂತಿದೆಯೆಂಬ ನಕ್ಷೆಯನ್ನು ಮಾಡುವರು. ಆದರೆ ನಾಟಿ ಮಾಡಿ ನೀರು ಕಟ್ಟಿದ ಭತ್ತದ ಗದ್ದೆಯೂ ಹಾಗೆಯೇ ಕಪ್ಪಾಗಿ ತೋರುವುದುಂಟು. ಎಡದಂಡೆ ಕಾಲುವೆಯ ಕೆಳಗಣ ಶಹಾಪುರ, ಸುರಪುರದ ಗದ್ದೆ ಬಯಲಿನಲ್ಲಿ ಕಾಲುವೆಯ ನೀರು ಯಾವುದು, ಹೊಳೆಯ ನೀರು ಯಾವುದು ಎಂಬುದನ್ನು ಬಿಡಿಸಿ ಹೇಳಬೇಕಾದರೆ ನೆಲದ ಮೇಲಿನ ಮನುಷ್ಯನ ಮಾತು ಬೇಕಾಗುವುದು.

ಉಪಗ್ರಹಗಳ ಪ್ರಯೋಜನವು ಈ ಸೀಮೆಗೆ ಹೊಸದೇನಲ್ಲ. ೧೯೭೫ರ ಆಗಸ್ಟಿನಿಂದ ೧೯೭೬ರ ಜುಲೈವರೆಗೆ ಉಪಗ್ರಹದ ಮೂಲಕ ದೇಶದ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನವನ್ನು ತೋರಿಸಿದ ಪ್ರಯೋಗದಲ್ಲಿ ಆಗಿನ ಗುಲಬರ್ಗಾ ಜಿಲ್ಲೆಯೂ ಸೇರಿತ್ತು. ಮನೆಮನೆಗೆ ಪೆಟ್ಟಿಗೆಯಿರಲಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಇಟ್ಟ ಒಂದು ಪೆಟ್ಟಿಗೆಯ ಮುಂದೆ ಊರೆಲ್ಲ ಕೂಡಿ ಕುಳಿತು ಒಕ್ಕಲುತನದ ಮಾತುಗಳನ್ನು ಕೇಳಬೇಕಾಗಿತ್ತು. ಉಪಗ್ರಹವು ತನ್ನ ಕೆಲಸವನ್ನು ಮಾಡಿದರೂ, ಬೀಗ ತೆರೆದು ಪೆಟ್ಟಿಗೆಯನ್ನು ಹಚ್ಚಿ ಜನರನ್ನು ಕರೆಯುವವನೊಬ್ಬನು ಊರಿನಲ್ಲಿ ಬೇಕೇ ಬೇಕಾಗಿತ್ತು. ಐವತ್ತು ವರ್ಷಗಳ ಮೇಲೆಯೂ ಆ ಸಂಗತಿಯು ಬದಲಾಗಿಲ್ಲ. ಬೆಂಗಳೂರಿನಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ೧೯೮೮ರಲ್ಲಿ ಬರ ನಿರೀಕ್ಷಣೆಯ ಘಟಕವಾಗಿ ಹುಟ್ಟಿದುದು. ಈಗ ಗ್ರಾಮ ಪಂಚಾಯತಿಗೊಂದರಂತೆ ಮಳೆಮಾಪಕಗಳನ್ನಿಟ್ಟು ೧೫ ನಿಮಿಷಕ್ಕೊಮ್ಮೆ ಲೆಕ್ಕವನ್ನು ಪಡೆಯುತ್ತಿರುವುದು. ಕೇಳಿದವರಿಗೆ ಹವೆಯ ಮುನ್ಸೂಚನೆಯನ್ನು ಹೇಳಲು ‘ವರುಣಮಿತ್ರ’ ಎಂಬ ದೂರವಾಣಿಯನ್ನೂ ಅದು ನಡೆಸಿಕೊಂಡು ಬಂದಿದೆ. ಕೇಳುವವರು ಎಷ್ಟು ಮಂದಿ, ಕೇಳಿ ನೆರೆಯವರಿಗೆ ಹೇಳುವವರು ಎಷ್ಟು ಮಂದಿ ಎಂಬುದೇ ವಿಚಾರಿಸತಕ್ಕ ವಿಷಯ.

ಕಾಣುವುದು ಬೇರೆ, ಕಾಪಾಡುವುದು ಬೇರೆ ಎಂಬುದಕ್ಕೆ ಬಂಗಾಳ ಕೊಲ್ಲಿಯ ತೀರದಲ್ಲಿ ನಡೆದುದಕ್ಕಿಂತ ಕಠೋರವಾದ ನಿದರ್ಶನವು ಸಿಗಲಾರದು. ೧೯೭೦ರ ನವೆಂಬರ ೧೨ರ ರಾತ್ರಿ, ಈಗ ಬಾಂಗ್ಲಾದೇಶವಾಗಿರುವ ಪ್ರಾಂತದ ಕರಾವಳಿಗೆ ಚಂಡಮಾರುತವೊಂದು ಅಪ್ಪಳಿಸಿ ಮೂರು ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಜನರನ್ನು ಬಲಿತೆಗೆದುಕೊಂಡಿತು. ಅದನ್ನು ಅಮೆರಿಕದ ಹವಾಮಾನ ಉಪಗ್ರಹವು ಮುಂಚೆಯೇ ಕಂಡಿತ್ತು. ಗಾಳಿ ಬರುವುದೆಂಬ ಮಾತು ಬಹುಮಂದಿಯ ಕಿವಿಗೂ ಬಿದ್ದಿತ್ತು. ಆದರೆ ಸಮುದ್ರದ ನೀರು ಎಷ್ಟು ಏರುವುದು, ಯಾವ ಹೊತ್ತಿಗೆ ಏರುವುದು, ಎಲ್ಲಿಗೆ ಹೋದರೆ ಜೀವ ಉಳಿಯುವುದು ಎಂಬುದನ್ನು ಹೇಳುವವರು ಇರಲಿಲ್ಲ. ಹೋಗಿ ನಿಲ್ಲಲು ಎತ್ತರವಾದ ಗಟ್ಟಿ ಕಟ್ಟಡಗಳೂ ವಿರಳವಾಗಿದ್ದವು. ಆ ದೇಶವು ಪಾಠವನ್ನು ಕಲಿಯಿತು. ೧೯೭೨ರಿಂದ ಹಳ್ಳಿಹಳ್ಳಿಯಲ್ಲಿಯೂ ಸ್ವಯಂಸೇವಕರನ್ನು ನೇಮಿಸಿ, ಬಾವುಟ ಏರಿಸುವುದು, ತುತ್ತೂರಿಯಂಥ ಯಂತ್ರದಿಂದ ಕೂಗಿ ಹೇಳುವುದು, ಮುದುಕರನ್ನೂ ಮಕ್ಕಳನ್ನೂ ಆಶ್ರಯಸ್ಥಾನಕ್ಕೆ ಕರೆದೊಯ್ಯುವುದು ಎಂಬ ಕ್ರಮವನ್ನು ರೂಢಿಸಿತು. ೨೦೦೭ರಲ್ಲಿ ‘ಸಿಡ್ರ್’ ಎಂಬ ಅತಿಬಲವಾದ ಚಂಡಮಾರುತ ಬಂದಾಗ ಸತ್ತವರ ಸಂಖ್ಯೆಯು ಮೂರರಿಂದ ನಾಲ್ಕು ಸಾವಿರದೊಳಗಿತ್ತು. ಅದೂ ದೊಡ್ಡ ದುಃಖವೇ. ಆದರೂ ಲಕ್ಷಗಳೆಲ್ಲಿ, ಸಾವಿರಗಳೆಲ್ಲಿ!

ಒಡಿಶಾದ ಕಥೆಯೂ ಅಂಥದೇ. ೧೯೯೯ರ ಅಕ್ಟೋಬರದ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನರು ಮಡಿದರು. ೨೦೧೩ರ ಅಕ್ಟೋಬರ ೧೨ರಂದು ‘ಫೈಲಿನ್’ ಬಂದಾಗ ಎಂಟು ಹತ್ತು ಲಕ್ಷ ಜನರನ್ನು ಮುಂಚಿತವಾಗಿ ತೆರವು ಮಾಡಿದ್ದುದರಿಂದ ಸತ್ತವರು ೫೦ರೊಳಗೆ. ಈ ಹದಿನಾಲ್ಕು ವರ್ಷಗಳಲ್ಲಿ ಉಪಗ್ರಹಗಳು ಉತ್ತಮವಾದುವೆಂಬುದು ನಿಜವೇ. ಅದಕ್ಕಿಂತ ಹೆಚ್ಚಾಗಿ, ಪ್ರತಿ ಗ್ರಾಮದಲ್ಲಿಯೂ ಯಾರು ಯಾರನ್ನು ಎಬ್ಬಿಸಬೇಕು, ಯಾವ ದಾರಿಯಿಂದ ಯಾವ ಕಟ್ಟಡಕ್ಕೆ ಹೋಗಬೇಕು ಎಂಬುದು ಮುಂದಾಗಿ ನಿಶ್ಚಿತವಾಗಿತ್ತು.

ಸ್ವಂತ ಉಪಗ್ರಹಗಳಿಲ್ಲದ ಬಡದೇಶಗಳಿಗೂ ಈಗ ಚಿತ್ರಗಳು ದೊರೆಯುವುವು. ೨೦೦೦ದಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಡಂಬಡಿಕೆಯೊಂದರ ಮೇರೆಗೆ, ದೊಡ್ಡ ವಿಪತ್ತು ಸಂಭವಿಸಿದಾಗ ಉಪಗ್ರಹಗಳುಳ್ಳ ದೇಶಗಳು ಬೆಲೆಯಿಲ್ಲದೆ ಚಿತ್ರಗಳನ್ನು ಒದಗಿಸುವುವು. ಭಾರತದ ಬಾಹ್ಯಾಕಾಶ ಸಂಸ್ಥೆಯು ೨೦೦೧ರಲ್ಲಿ ಅದನ್ನು ಸೇರಿತು. ೨೦೦೬ರಲ್ಲಿ ವಿಶ್ವಸಂಸ್ಥೆಯೂ ಇದೇ ಉದ್ದೇಶಕ್ಕಾಗಿ ಒಂದು ಸಂಸ್ಥೆಯನ್ನು ನಿರ್ಮಿಸಿತು. ಆದಾಗ್ಯೂ ಅನೇಕ ದೇಶಗಳಲ್ಲಿ ಆ ನಕ್ಷೆಗಳು ರಾಜಧಾನಿಯ ಮೇಜಿನ ಮೇಲೆಯೇ ಉಳಿದುಬಿಡುವುವು. ಧಾನ್ಯವು ಕಣಕ್ಕೆ ಬಂದರೆ ಸಾಲದು. ಮನೆಯ ಹಗೇವಿಗೆ ಬಂದಾಗಲೇ ಸುಗ್ಗಿ ಮುಗಿದಂತೆ.

ಈಗ ಸ್ವಂತ ಸೀಮೆಯ ಮಾತಿಗೆ ಬರುವ. ಮಳೆಗಾಲದಲ್ಲಿ ‘ನಾರಾಯಣಪುರದಿಂದ ಮೂರು ಲಕ್ಷ ಕ್ಯೂಸೆಕ್ಸ್ ನೀರು ಬಿಡಲಾಗಿದೆ, ನದಿಪಾತ್ರದ ಜನರು ಎಚ್ಚರದಿಂದಿರಬೇಕು’ ಎಂಬಂಥ ಪ್ರಕಟಣೆ ಹೊರಡುವುದು ರೂಢಿ. ಇದು ಸತ್ಯವಾದ ಮಾತೇ. ಆದರೆ ಹೊಳೆಸಾಲಿನ ಒಕ್ಕಲಿಗನಿಗೆ ಇದರಿಂದ ಏನು ತಿಳಿಯಿತು? ತನ್ನ ಪಂಪುಸೆಟ್ಟು ಮುಳುಗುವುದೋ, ಬಣವಿಯವರೆಗೆ ನೀರು ಬರುವುದೋ, ಊರ ದಾರಿಯೇ ಕಡಿದುಹೋಗುವುದೋ ಎಂಬುದು ತಿಳಿಯಲಿಲ್ಲ. ಕ್ಯೂಸೆಕ್ಸೆಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು ೨೮ ಲೀಟರು ನೀರು. ಆರು ಲಕ್ಷ ಕ್ಯೂಸೆಕ್ಸ್ ಒಂದು ಹಗಲಿರುಳು ಹರಿದರೆ ಸುಮಾರು ೫೨ ಟಿ.ಎಂ.ಸಿ. ಆಗುವುದು. ಬಸವಸಾಗರದಲ್ಲಿ ಹಿಡಿಯುವುದು ಸುಮಾರು ೩೩ ಟಿ.ಎಂ.ಸಿ. ಮಾತ್ರ. ಜಲಾಶಯವು ಪೂರಾ ಬರಿದಾಗಿದ್ದರೂ ಅಂಥ ಪೂರದಲ್ಲಿ ಹದಿನಾರು ತಾಸಿನೊಳಗೆ ತುಂಬಿಹೋಗುವುದು. ಅಣೆಕಟ್ಟೆಯು ತಡೆದುಕೊಳ್ಳುವುದೆಂಬ ಭರವಸೆಯಿಂದ ದಂಡೆಯಲ್ಲಿ ಮಲಗುವುದು ಎಷ್ಟು ಅಪಾಯಕರವೆಂಬುದು ಈ ಒಂದು ಲೆಕ್ಕದಿಂದಲೇ ಸ್ಪಷ್ಟವಾಗುವುದು. ಭೀಮೆಯ ದಂಡೆಯವರು ಇದೇ ರೀತಿ ಉಜನಿ ಜಲಾಶಯದ ಕಡೆಗೂ ಸೊನ್ನ ಬ್ಯಾರೇಜಿನ ಕಡೆಗೂ ಲಕ್ಷ್ಯವಿಡತಕ್ಕದ್ದು.

ಆದುದರಿಂದ ಮೊದಲನೆಯ ಕೆಲಸವೆಂದರೆ ಕ್ಯೂಸೆಕ್ಸಿನ ಮಾತನ್ನು ಊರಿನ ಗುರುತುಗಳಿಗೆ ಇಳಿಸುವುದು. ಹೊಳೆದಂಡೆಯ ಪ್ರತಿ ಗ್ರಾಮದಲ್ಲಿಯೂ ಹಳೆಯ ಗುಡಿಯ ಮೆಟ್ಟಿಲು, ಅಗಸಿಯ ಕಲ್ಲು, ಬೇವಿನ ಮರದ ಕಟ್ಟೆ ಎಂಬಿವು ಇದ್ದೇ ಇರುವುವು. ೨೦೧೯ರಲ್ಲಿ, ೨೦೨೦ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದು ಹಿರಿಯರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಆ ಎತ್ತರವನ್ನು ಬಣ್ಣದಿಂದ ಗುರುತಿಸಿ, ಅಂದು ಜಲಾಶಯದಿಂದ ಎಷ್ಟು ನೀರು ಬಿಟ್ಟಿದ್ದರು, ಬಿಟ್ಟ ಎಷ್ಟು ತಾಸಿನ ಮೇಲೆ ಇಲ್ಲಿಗೆ ತಲುಪಿತು ಎಂಬುದನ್ನು ಪಂಚಾಯತಿಯ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಶಹಾಪುರ ತಾಲ್ಲೂಕಿನ ಕೊಳ್ಳೂರ ಬಳಿಯ ಕೃಷ್ಣಾ ಸೇತುವೆಯು ದೊಡ್ಡ ಪೂರಗಳಲ್ಲಿ ಮುಳುಗುವುದು ಎಲ್ಲರಿಗೂ ಗೊತ್ತು. ಎಷ್ಟು ನೀರಿಗೆ ಮುಳುಗುವುದೆಂಬುದು ದಾರಿ ಹಿಡಿಯುವ ಪ್ರತಿಯೊಬ್ಬ ಬಂಡಿಯವನಿಗೂ ಗೊತ್ತಿರಬೇಕು. ನಾಲ್ಕಾರು ಮಳೆಗಾಲ ಹೀಗೆ ಬರೆದಿಟ್ಟರೆ, ‘ಇಷ್ಟು ಲಕ್ಷ’ ಎಂಬ ಮಾತು ಬಂದೊಡನೆ ‘ಹನುಮಪ್ಪನ ಗುಡಿಯ ಮೂರನೆಯ ಮೆಟ್ಟಿಲು, ನಾಳೆ ಹೊತ್ತು ಮೂಡುವ ಮುಂಚೆ’ ಎಂದು ಊರೇ ಅರ್ಥ ಮಾಡಿಕೊಳ್ಳುವುದು.

ಎರಡನೆಯದು, ಯಾರಿಗೆ ಹೇಳಬೇಕೆಂಬುದು. ಊರೊಳಗಿನವರಿಗೆ ಮಾತು ಹೇಗಾದರೂ ತಲುಪುವುದು. ಮೊಬೈಲು ಎಲ್ಲರ ಕೈಯಲ್ಲಿಯೂ ಇದೆ. ಅಪಾಯದಲ್ಲಿರುವವರು ಊರ ಹೊರಗಿನವರು. ದಂಡೆಯಲ್ಲಿ ಹಟ್ಟಿ ಹಾಕಿದ ಕುರಿಗಾರರು, ಬಲೆ ಹಾಕಿ ಮಲಗಿದ ಮೀನುಗಾರರು, ಹೊಲದಲ್ಲಿಯೇ ಗುಡಿಸಲು ಹೂಡಿದ ಪರಸ್ಥಳದ ಕೂಲಿಕಾರರು ಇವರಿಗೆ ಮೊಬೈಲಿನ ಸಂದೇಶವು ಸಿಗದೆ ಹೋಗಬಹುದು, ಸಿಕ್ಕರೂ ಓದಲು ಬಾರದೆ ಹೋಗಬಹುದು. ಸುರಪುರ ಸೀಮೆಯ ನೀಲಕಂಠರಾಯನಗಡ್ಡಿಯು ಕೃಷ್ಣೆಯ ನಡುವೆಯೇ ಇರುವ ಊರು. ಹೊಳೆ ತುಂಬಿತೆಂದರೆ ಅಲ್ಲಿಯವರಿಗೆ ಹೊರಗಿನ ದಾರಿ ಕಡಿದುಹೋಗುವುದು. ಒಣಗಿದ ಬುರುಡೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಹೊಳೆಯನ್ನು ಈಜಿದವರೂ ಅಲ್ಲಿದ್ದಾರೆ. ಅಂಥ ಸ್ಥಳಕ್ಕೆ ಎರಡು ದಿನ ಮುಂಚಿತವಾಗಿ ವರ್ತಮಾನ ಮುಟ್ಟಿದರೆ ಬಸುರಿಯರೂ ರೋಗಿಗಳೂ ನೀರೇರುವ ಮುನ್ನವೇ ದಡ ಸೇರಬಹುದು. ತಡವಾಗಿ ಮುಟ್ಟಿದರೆ ಅದು ಮುಟ್ಟಿಯೂ ಮುಟ್ಟದಂತೆಯೇ ಸರಿ. ಪಟೇಲಿಕೆಯ ವಂಶಪಾರಂಪರ್ಯ ಅಧಿಕಾರವು ಕಾಯಿದೆಯಿಂದ ಹೋಗಿ ಅರವತ್ತು ವರ್ಷಗಳು ಕಳೆದಿವೆ. ಆದರೆ ಊರ ಗೌಡನ ಮಾತಿಗೆ ಕುರಿಗಾರನು ಹಟ್ಟಿ ಕೀಳುವನು, ಬರಿಯ ಯಂತ್ರದ ಸದ್ದಿಗೆ ಕೀಳಲಾರನು. ಈ ಮರ್ಯಾದೆಯನ್ನು ಪಡೆದವರು ಅದರ ಹೊಣೆಯನ್ನೂ ಹೊರತಕ್ಕದ್ದು. ಡಂಗುರವಾಗಲಿ, ಗುಡಿ ಮಸೀದಿಗಳ ಧ್ವನಿವರ್ಧಕವಾಗಲಿ, ಸೈಕಲ್ ಮೋಟಾರು ಹತ್ತಿ ಹೋಗುವ ಇಬ್ಬರು ತರುಣರಾಗಲಿ, ಯಾರು ಯಾವ ದಂಡೆಗೆ ಹೋಗಬೇಕೆಂಬುದು ಮುಂಗಾರಿಗೆ ಮುಂಚೆಯೇ ಗೊತ್ತಾಗಿರಬೇಕು.

ಬರದ ಕಾಲದಲ್ಲಿ ಉಪಗ್ರಹದ ಕೆಲಸವು ಇನ್ನೊಂದು ತೆರನಾದುದು. ಹಸಿರೆಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಿರುಗಿಸುವುದು. ಬಾಡಿದ ಎಲೆಯು ಹಾಗೆ ಮಾಡದು. ಈ ವ್ಯತ್ಯಾಸವನ್ನು ಅಳೆದು, ಹಿಂದಿನ ವರ್ಷಗಳೊಡನೆ ಹೋಲಿಸಿ, ಯಾವ ತಾಲ್ಲೂಕಿನ ಬೆಳೆ ಎಷ್ಟು ಕುಂದಿದೆಯೆಂದು ಹೇಳುವರು. ಭಾರತದಲ್ಲಿ ಈ ಪದ್ಧತಿಯು ೧೯೮೯ರಿಂದ ನಡೆದುಬಂದಿದೆ. ೨೦೧೬ರ ಬರ ಕೈಪಿಡಿಯ ಪ್ರಕಾರ, ಮಳೆಯ ಕೊರತೆಯೊಡನೆ ಉಪಗ್ರಹದಿಂದ ತಿಳಿದ ಹಸಿರಿನ ಸ್ಥಿತಿ, ಮಣ್ಣಿನ ತೇವ ಮುಂತಾದವನ್ನೂ ನೋಡಿ, ಆ ಮೇಲೆ ತಾಲ್ಲೂಕಿನ ಶೇಕಡಾ ಹತ್ತರಷ್ಟು ಗ್ರಾಮಗಳಲ್ಲಿ ಹೊಲಕ್ಕೇ ಹೋಗಿ ಪರೀಕ್ಷಿಸಬೇಕಾಗಿರುವುದು. ಹೀಗೆ ಆರಿಸಲ್ಪಟ್ಟ ಒಂದು ಊರಿನ ಸಾಕ್ಷ್ಯವು ಇಡೀ ತಾಲ್ಲೂಕಿನ ಪರಿಹಾರವನ್ನು ನಿರ್ಣಯಿಸುವುದರಲ್ಲಿ ಪಾಲು ಹೊಂದುವುದು.

ಈ ಹಸಿರಿನ ಲೆಕ್ಕಕ್ಕೂ ಮಿತಿಯಿದೆ. ಉಪಗ್ರಹಕ್ಕೆ ಹಸಿರೆಲ್ಲ ಹಸಿರೇ. ಬೆಳೆ ಹೋದ ಹೊಲದಲ್ಲಿ ಕಳೆ ತುಂಬಿದ್ದರೂ, ಬದುವಿನಲ್ಲಿ ಬಳ್ಳಾರಿ ಜಾಲಿ ಮುತ್ತಿದ್ದರೂ ಅದು ಹಸಿರಾಗ
ಿಯೇ ತೋರುವುದು. ತೊಗರಿಯು ಅತಿ ತೇವದಿಂದ ಹೂವುದುರಿಸಿ ಕಾಯಿ ಕಟ್ಟದೆ ನಿಂತಾಗಲೂ ಗಿಡವು ಹಸಿರಾಗಿರುವುದು. ರೈತನ ಮನೆಗೆ ಮಾತ್ರ ಕಾಳು ಬಾರದು. ೨೦೨೨ರಲ್ಲಿ ಕಲಬುರಗಿ, ಯಾದಗಿರಿ ಜಿಲ್ಲೆಗಳ ತೊಗರಿಯು ನೆಟೆ ರೋಗದಿಂದ ಒಣಗಿದಾಗ, ಗಿಡ ಒಣಗಿದುದು ಮೇಲಿನಿಂದ ಕಾಣುವಂತಿತ್ತು. ಅದು ಮಳೆಯ ಕೊರತೆಯಿಂದಲ್ಲ, ರೋಗದಿಂದ ಎಂಬುದನ್ನು ಗಿಡ ಕಿತ್ತು ಬೇರು ಸೀಳಿ ನೋಡಿದವರೇ ಹೇಳಬೇಕಾಗಿತ್ತು. ಆದಕಾರಣ ಯಂತ್ರದ ಮಾತನ್ನು ಕಣ್ಣು ಮುಚ್ಚಿ ನಂಬುವುದೂ ತಪ್ಪು, ಅದನ್ನು ಪೂರಾ ಅಲ್ಲಗಳೆಯುವುದೂ ತಪ್ಪು. ನೆಲದ ಮೇಲಿನ ಸತ್ಯವಾದ ದಾಖಲೆಯೊಂದೇ ಅದನ್ನು ತಿದ್ದಬಲ್ಲದು.

ಆ ದಾಖಲೆಯು ಹುಟ್ಟುವುದು ಜಮೀನುದಾರನ ಕೈಯಿಂದಲೇ. ಬೆಳೆ ಸಮೀಕ್ಷೆಯ ಕಾಲದಲ್ಲಿ ತಾನು ಬಿತ್ತಿದುದನ್ನೇ, ಅಕ್ಕಡಿ ಸಾಲಿನ ಬೆಳೆಯನ್ನೂ ಸೇರಿಸಿ, ಹೊಲದಲ್ಲಿಯೇ ನಿಂತು ಚಿತ್ರದೊಡನೆ ದಾಖಲಿಸತಕ್ಕದ್ದು. ಮನೆಯಲ್ಲಿ ಕುಳಿತು ಬರೆಸಿದ ಬೆಳೆಯೊಂದು, ಹೊಲದಲ್ಲಿ ನಿಂತ ಬೆಳೆಯೊಂದು ಆದರೆ, ಉಪಗ್ರಹದ ಚಿತ್ರವು ಪಹಣಿಗೆ ಹೊಂದದೆ ವಿಮೆಯೂ ಪರಿಹಾರವೂ ತಡೆಯಾಗುವುವು. ತಪ್ಪು ಒಬ್ಬನದಾದರೂ ಊರಿನ ಮಾತಿಗೇ ಬೆಲೆ ಕಡಿಮೆಯಾಗುವುದು. ಬೆಳೆ ವಿಮೆಯ ನಿಯಮದಂತೆ ಆಲಿಕಲ್ಲು ಮೊದಲಾದ ಸ್ಥಳೀಯ ವಿಪತ್ತುಗಳಿಂದ ನಷ್ಟವಾದರೆ ೭೨ ತಾಸಿನೊಳಗೆ ತಿಳಿಸಬೇಕಾಗಿರುವುದು. ಮೂರು ದಿನಗಳು ಅತ್ತು ಕರೆದು ನಾಲ್ಕನೆಯ ದಿನ ಹೋದರೆ ಹಕ್ಕು ಕೈತಪ್ಪುವುದು. ಪಂಚಾಯತಿಯ ಮಳೆಮಾಪಕದ ಸುತ್ತ ದನ ಕಟ್ಟುವುದು, ಹುಲ್ಲೊಟ್ಟುವುದು, ಮರದ ಟೊಂಗೆ ಬಾಗಲು ಬಿಡುವುದು ಇವೆಲ್ಲ ಅರಿಯದೆ ಮಾಡುವ ತಪ್ಪುಗಳು. ಅದರ ಲೆಕ್ಕವನ್ನು ಬೇಕೆಂದೇ ಕೆಡಿಸುವುದಂತೂ ಊರಿನ ತಕ್ಕಡಿಯನ್ನೇ ಕೆಡಿಸಿದಂತೆ.

ಇಲ್ಲಿ ಜಮೀನುದಾರರು ಆಲೋಚಿಸತಕ್ಕ ಧರ್ಮದ ಸಂಗತಿಯೊಂದಿದೆ. ಉಪಗ್ರಹವು ಹೊಲವನ್ನು ಕಾಣುವುದು. ಸರ್ವೆ ನಂಬರು ಹೊಲದ ಒಡೆಯನನ್ನು ತೋರಿಸುವುದು. ಪಾಲಿಗೋ ಲಾವಣಿಗೋ ಆ ಹೊಲವನ್ನು ಉತ್ತು ಬಿತ್ತಿ, ಬೀಜ ಗೊಬ್ಬರಕ್ಕೆ ಸಾಲ ಮಾಡಿದವನನ್ನು ಎರಡೂ ತೋರಿಸವು. ನೆರೆಯು ಬೆಳೆಯನ್ನು ಕೊಂಡುಹೋದಾಗ ನಷ್ಟವು ಅವನದು, ಪರಿಹಾರವು ಪಹಣಿಯಲ್ಲಿ ಹೆಸರಿದ್ದವನದು ಎಂಬಂತಾದರೆ, ಎಷ್ಟು ನಿಖರವಾದ ಚಿತ್ರ ತೆಗೆದೂ ನ್ಯಾಯ ಸಿಕ್ಕಂತಾಗಲಿಲ್ಲ. ಬಂದ ಹಣದಲ್ಲಿ ಬೆಳೆದವನ ಪಾಲನ್ನು ಬೆಳೆದವನಿಗೆ ಮುಟ್ಟಿಸುವುದು, ಊರ ಹಿರಿಯರೆದುರಿಗೆ ಬಿತ್ತಿಗೆಯ ಕಾಲದಲ್ಲಿಯೇ ಆ ಮಾತನ್ನು ಇತ್ಯರ್ಥ ಮಾಡಿಡುವುದು ಒಡೆಯರಿಗೆ ಒಪ್ಪುವ ನಡತೆ.

ಯಂತ್ರದ ಸೂಚನೆಗಳು ಅನೇಕ ವೇಳೆ ಸುಳ್ಳಾಗುವುವೆಂದೂ, ಅವನ್ನು ನಂಬಿ ದನಕರುಗಳನ್ನು ಮೇಲಕ್ಕೆ ಹೊಡೆದು ಗೇಲಿಗೆ ಗುರಿಯಾಗುವುದು ಬೇಡವೆಂದೂ ಹೇಳುವವರಿದ್ದಾರೆ. ಮಳೆಯ ಮುನ್ಸೂಚನೆಯು ತಪ್ಪುವುದುಂಟು. ಇದು ಒಪ್ಪತಕ್ಕ ಮಾತೇ. ನಕ್ಷತ್ರಗಳ ಲೆಕ್ಕವೂ ಎಷ್ಟೋ ಸಲ ತಪ್ಪಿದೆ. ಅದಕ್ಕಾಗಿ ಯಾರೂ ಬಿತ್ತುವುದನ್ನು ಬಿಟ್ಟಿಲ್ಲ. ಮಳೆನಕ್ಷತ್ರಗಳ ಜ್ಞಾನವು ಯಾವ ಕಾಲಕ್ಕೆ ಏನು ವಾಡಿಕೆಯೆಂಬುದನ್ನು ಹೇಳುವುದು. ಉಪಗ್ರಹವು ಈ ವರ್ಷ ಈ ದಿನ ಏನಾಗಿದೆಯೆಂಬುದನ್ನು ಹೇಳುವುದು. ಎರಡನ್ನೂ ಬಲ್ಲವನೇ ಜಾಣ ಒಕ್ಕಲಿಗ. ಅದಲ್ಲದೆ ಹೊಳೆಯ ಪೂರದ ಮಾತು ಮಳೆಯ ಮಾತಿನಷ್ಟು ಅನಿಶ್ಚಿತವಲ್ಲ. ಮೇಲಿನ ಅಣೆಕಟ್ಟೆಯಿಂದ ಬಿಟ್ಟ ನೀರು ಕೆಳಗೆ ಬಂದೇ ಬರುವುದು. ಒಂದು ರಾತ್ರಿ ವ್ಯರ್ಥವಾಗಿ ಎತ್ತರಕ್ಕೆ ಹೋದವನಿಗೆ ನಿದ್ದೆ ಕೆಡುವುದು, ಹೋಗದಿದ್ದವನಿಗೆ ಎತ್ತುಗಳೇ ಹೋಗುವುವು.

ಇಲಾಖೆಗಳವರ ಮೇಲಿನ ಹೊಣೆಯೂ ಸಣ್ಣದಲ್ಲ. ಕ್ಯೂಸೆಕ್ಸ್, ಶೇಕಡಾ, ಮಿಲಿಮೀಟರುಗಳಲ್ಲಿ ಮಾತ್ರ ಪ್ರಕಟಣೆ ಹೊರಡಿಸಿ ಕರ್ತವ್ಯ ಮುಗಿಯಿತೆಂದು ಭಾವಿಸಬಾರದು. ಯಾವ ಯಾವ ಗ್ರಾಮಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ಎತ್ತರ ಎಂಬುದನ್ನು ತಿಳಿಗನ್ನಡದಲ್ಲಿ ಹೇಳಬೇಕು. ಸೂಚನೆಯು ತಪ್ಪಾದಾಗ ತಪ್ಪಾಯಿತೆಂದು ಒಪ್ಪಿಕೊಳ್ಳಬೇಕು. ಆಗಲೇ ಮುಂದಿನ ಸೂಚನೆಗೆ ಬೆಲೆಯುಂಟಾಗುವುದು. ನೆರೆ ಇಳಿದ ಮೇಲೆ ನೀರು ನಿಂತ ನಕ್ಷೆಯನ್ನು ಆಯಾ ಗ್ರಾಮ ಪಂಚಾಯತಿಯ ಗೋಡೆಗೆ ಹಚ್ಚಿ, ಅದು ಸರಿಯೋ ತಪ್ಪೋ ಎಂದು ಊರವರಿಂದ ಹೇಳಿಸಬೇಕು. ಮೇಲಿನಿಂದ ಕಂಡುದನ್ನು ಕೆಳಗಿನವರು ತಿದ್ದುವ ಈ ಪದ್ಧತಿಯು ಬೆಳೆದರೆ, ವರ್ಷದಿಂದ ವರ್ಷಕ್ಕೆ ನಕ್ಷೆಯೂ ಉತ್ತಮವಾಗುವುದು, ನಂಬಿಕೆಯೂ ಬೆಳೆಯುವುದು.

ಹಿಂದಿನ ಕಾಲದಲ್ಲಿ ಸುರಪುರದ ಅರಸರು ಬೋನಾಳದಂಥ ಕೆರೆಗಳನ್ನು ಕಟ್ಟಿಸಿದುದು ಮಳೆ ಬಾರದ ವರ್ಷವನ್ನು ಮಳೆ ಬಂದ ವರ್ಷದಲ್ಲಿಯೇ ನೆನೆದುದರಿಂದ. ಮುಂದಾಲೋಚನೆಯ ಸಾಧನಗಳು ಈಗ ಹೆಚ್ಚಿವೆ, ಅಗತ್ಯವು ಅಂದಿನಂತೆಯೇ ಇದೆ. ರೋಹಿಣಿ ಮಳೆ ಹೂಡುವ ಮುಂಚೆ ಒಂದು ಸಂಜೆ ಪ್ರತಿ ಹೊಳೆಸಾಲಿನ ಊರಿನ ಹಿರಿಯರೂ ಜಮೀನುದಾರರೂ ಚಾವಡಿಯಲ್ಲಿ ಸೇರಿ, ನೀರಿನ ಗುರುತುಗಳನ್ನು ಬರೆಯಿಸಲಿ. ದಂಡೆಗೆ ಹೋಗತಕ್ಕವರ ಹೆಸರನ್ನು ಗೊತ್ತುಮಾಡಲಿ. ಗುಡಿಸಲು, ಹಟ್ಟಿ, ಗಡ್ಡೆಗಳಲ್ಲಿರುವ ಜನರ ಪಟ್ಟಿಯನ್ನು ಮಾಡಲಿ. ಇದಕ್ಕೆ ಸರ್ಕಾರದ ಹಣವೂ ಬೇಡ, ಅಪ್ಪಣೆಯೂ ಬೇಡ. ಒಂದು ಡಬ್ಬಿ ಬಣ್ಣ, ಒಂದು ಪುಸ್ತಕ, ಮತ್ತು ನೆರೆಮನೆಯವನ ಪ್ರಾಣವು ತನ್ನ ಹೊಣೆಯೆಂಬ ಬುದ್ಧಿ ಇಷ್ಟಿದ್ದರೆ ಸಾಕು.